ಹಿಂದಿನ ಸೀಟಿನ ಪರದೆ ಹತ್ತದಿದ್ದಾಗ

ಕೆಲವು ವರ್ಷಗಳ ಹಿಂದಿನ ಮಾತು. ಕ್ರಿಸ್ಮಸ್ ಮುಗಿದ ವಾರ. ಆಗಮನ ಕಾಲ ಕಳೆದು ನಮ್ಮ ಕಡೆ ಮದುವೆಗಳ ಸಾಲು ಶುರುವಾಗುವ ದಿನಗಳು. ಕಾಸರಗೋಡು ಭಾಗದ ಒಂದು ಕುಟುಂಬ ವಯನಾಡಿನ ಮಾನಂದವಾಡಿಯಲ್ಲಿ ನಡೆಯಲಿದ್ದ ಸಂಬಂಧಿಕರ ಮದುವೆಗೆ ಹೊರಟಿತ್ತು. ಮದುವೆಯ ಪೂಜೆಗೆ ನನಗೂ ಕರೆ ಇದ್ದುದರಿಂದ ಅವರ ವ್ಯಾನಿನಲ್ಲೇ ನನಗೊಂದು ಜಾಗ ಸಿಕ್ಕಿತು. ಮನೆಯ ಯಜಮಾನ ಚಾಲಕನ ಸೀಟಿನಲ್ಲಿ, ಪಕ್ಕದಲ್ಲಿ ನಾನು, ನಡುವಿನ ಸಾಲಿನಲ್ಲಿ ಅವರ ಹೆಂಡತಿ ಮತ್ತು ಅಜ್ಜಿ, ಕೊನೆಯ ಸಾಲಿನಲ್ಲಿ ಮೂವರು ಮಕ್ಕಳು.

ವ್ಯಾನು ಕೈ ಬದಲಾಗಿ ಬಂದದ್ದು. ಹಿಂದಿನ ಮಾಲೀಕರು ಅದರ ಛಾವಣಿಗೆ ಮಡಚುವಂಥ ಒಂದು ಪರದೆಯನ್ನು ಕೂರಿಸಿದ್ದರು. ಮಕ್ಕಳು ಸಿನೆಮಾದ ಡಿವಿಡಿಗಳನ್ನು ಆರಿಸಿ ತಂದಿದ್ದರು. ಅಜ್ಜಿಯ ಕೈಚೀಲದಲ್ಲಿ ಅವರ ಐವತ್ತನೆಯ ವಿವಾಹ ವಾರ್ಷಿಕೋತ್ಸವದ ಡಿವಿಡಿ ಇತ್ತು. ಅದರಲ್ಲಿ ಆಗಲಿದ ಅಜ್ಜ ಮಾತನಾಡುತ್ತಾರೆ. ಮದುವೆಮನೆಯಲ್ಲಿ ಎಲ್ಲರಿಗೂ ತೋರಿಸುವ ಮೊದಲು ದಾರಿಯಲ್ಲಿ ಒಮ್ಮೆ ನೋಡಬೇಕೆಂದು ಅವರ ಆಸೆ.

ಕಾಞಂಗಾಡು ದಾಟುವಷ್ಟರಲ್ಲಿ ಪರದೆ ಆರಿತು. ಎಷ್ಟು ಒತ್ತಿದರೂ ಹತ್ತಲಿಲ್ಲ. ಒಂದು ಪೆಟ್ರೋಲ್ ಬಂಕಿನ ಬಳಿ ವಾಹನ ನಿಲ್ಲಿಸಿ ಫ್ಯೂಸ್ ತೆಗೆದು ನೋಡಿದರೆ ಕೆಂಪು ಬಣ್ಣದ 10 ಆಂಪಿಯರಿನ ಫ್ಯೂಸು ಕಡಿದುಹೋಗಿತ್ತು. ಪಕ್ಕದ ಅಂಗಡಿಯಲ್ಲಿ 10 ಇರಲಿಲ್ಲ, ಹಸಿರು ಬಣ್ಣದ 30 ಇತ್ತು.

“ಫಾದರ್, ಎಂತ ಮಾಡುವ? ಇದು ದೊಡ್ಡದಾಯ್ತಲ್ಲ?” ಎಂದು ಯಜಮಾನರು ಕೇಳಿದರು.

“ದೊಡ್ಡದಾದರೆ ಒಳ್ಳೆಯದೇ ಅಲ್ವಾ, ಬೇಗ ಹೋಗುದಿಲ್ಲ. ಹಾಕಿ” ಎಂದು ಹೇಳಿದವನು ನಾನು. ಗುರುಮಠದಲ್ಲಿ ತತ್ವಶಾಸ್ತ್ರ ಕಲಿತೆ, ದೈವಶಾಸ್ತ್ರ ಕಲಿತೆ. ಫ್ಯೂಸಿನ ಶಾಸ್ತ್ರ ಕಲಿತಿರಲಿಲ್ಲ. ಆದರೂ ಕೇಳಿದವರಿಗೆ ಉತ್ತರ ಕೊಡುವ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ.

ಪರದೆ ಹತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಕಣ್ಣೂರು ಕಳೆದು, ಕೂತುಪರಂಬ ದಾಟಿ, ನೆಡುಂಪೊಯಿಲ್ ಘಾಟಿಯನ್ನು ಹತ್ತತೊಡಗಿದೆವು. ಮೂರೋ ನಾಲ್ಕೋ ತಿರುವು ಕಳೆದಿರಬೇಕು. “ಎಂತದೋ ಕರಟಿದ ವಾಸನೆ ಬರ್ತದೆ” ಎಂದರು ಅಜ್ಜಿ. ಬ್ರೇಕಿನದಿರಬೇಕು ಎಂದುಕೊಂಡೆವು. ಮರುಕ್ಷಣವೇ ಚಿಕ್ಕ ಹುಡುಗಿ, “ಪಪ್ಪಾ, ಮೇಲೆ ಬಿಸಿ ಉಂಟು” ಎಂದಳು. ಅವಳ ಅಂಗೈ ಛಾವಣಿಯ ಬಟ್ಟೆಯ ಮೇಲಿತ್ತು.

ಅದೃಷ್ಟಕ್ಕೆ ಅಲ್ಲಿ ವಾಹನ ನಿಲ್ಲಿಸಲು ಜಾಗವಿತ್ತು. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿ, ಎಲ್ಲರನ್ನೂ ಕೆಳಗಿಳಿಸಿ, ಆ ಫ್ಯೂಸನ್ನು ಕಿತ್ತೆವು. ವಾಸನೆ ನಿಧಾನವಾಗಿ ಇಳಿಯಿತು. ಬೆಂಕಿ ಹತ್ತಲಿಲ್ಲ. ಆದರೆ ಛಾವಣಿಯ ಬಟ್ಟೆ, ಅದರ ಮೇಲಿನ ಸ್ಪಂಜು, ಕೆಳಗೆ ಮೂವರು ಮಕ್ಕಳು: ಇವುಗಳನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಿಯ ಓದುಗರೇ, ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಇಂದು ಕಾರೋ ವ್ಯಾನೋ ಇದೆ. ಹಿಂದಿನ ಸೀಟಿನವರಿಗೆಂದು ಪರದೆ ಇರುವ ವಾಹನಗಳೂ ಕಡಿಮೆಯಿಲ್ಲ. ಅದು ಹತ್ತದಿದ್ದಾಗ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿ ಕೈ ತೆಗೆಯಬೇಕು ಎಂಬುದನ್ನು ಆ ದಿನದ ನಂತರ ನಾನು ತಿಳಿದವರ ಬಳಿ ಕುಳಿತು ಕಲಿತೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ನನ್ನ ಪಾಲಿಗೆ ಒಂದು ಪ್ರಾಯಶ್ಚಿತ್ತವೂ ಹೌದು.

ವಿದ್ಯುತ್ತು ಬರುವ ದಾರಿ

ಕುಟುಂಬದ ವಾಹನಗಳಲ್ಲಿ ಹಿಂದಿನ ಸೀಟಿಗೆ ಪರದೆಯನ್ನು ಕಂಪನಿಯೇ ಕೂರಿಸಿ ಕೊಡುವ ಪದ್ಧತಿ ಅಮೆರಿಕದಲ್ಲಿ ಆರಂಭವಾಯಿತು. 1999ರ ಓಲ್ಡ್ಸ್‌ಮೊಬೈಲ್ ಸಿಲೂಯೆಟ್ ಪ್ರೀಮಿಯರ್ ಎಂಬ ವ್ಯಾನಿನಲ್ಲಿ ಛಾವಣಿಯಿಂದ ಇಳಿಯುವ ಪರದೆಯೂ ವಿಡಿಯೋ ಕ್ಯಾಸೆಟ್ ಹಾಕುವ ಯಂತ್ರವೂ ಇದ್ದವು. ಕ್ಯಾಸೆಟ್ ಹೋಗಿ ಡಿವಿಡಿ ಬಂತು, ಡಿವಿಡಿಯ ಜಾಗಕ್ಕೆ ಯುಎಸ್‌ಬಿ ಬಂತು, ಈಗ ಸೀಟಿನ ಬೆನ್ನಿಗೆ ಟ್ಯಾಬ್ ಸಿಕ್ಕಿಸುವವರೇ ಹೆಚ್ಚು. ಯಂತ್ರ ಯಾವುದೇ ಇರಲಿ, ಅದಕ್ಕೆ ವಿದ್ಯುತ್ತು ಬರುವ ದಾರಿ ಮಾತ್ರ ಬದಲಾಗಿಲ್ಲ.

ಕಾರಿನ ಬ್ಯಾಟರಿ 12 ವೋಲ್ಟಿನದು. ಅದರ ಪಾಸಿಟಿವ್ ತುದಿಯಿಂದ ಹೊರಟ ವಿದ್ಯುತ್ತು ಮೊದಲು ಫ್ಯೂಸನ್ನು ಹಾದು, ವೈರಿನ ಮೂಲಕ ಪರದೆಗೆ ಹೋಗಿ, ಅಲ್ಲಿಂದ ವಾಹನದ ಕಬ್ಬಿಣದ ಮೈಗೆ ಇಳಿದು, ಆ ಮೈಯ ಮೂಲಕವೇ ಬ್ಯಾಟರಿಯ ನೆಗೆಟಿವ್ ತುದಿಗೆ ಮರಳುತ್ತದೆ. ಹೀಗೆ ಮೈಗೆ ಸೇರಿಸುವ ವೈರನ್ನು ನಮ್ಮ ಮೆಕ್ಯಾನಿಕ್ಕುಗಳು ‘ಅರ್ತ್’ ಎನ್ನುತ್ತಾರೆ.

ಆಮೇಲೆ ಕೂರಿಸಿದ ಪರದೆಗಳಿಗೆ ಸಾಮಾನ್ಯವಾಗಿ ಮೂರು ವೈರುಗಳು. ಹಳದಿಯದು ಬ್ಯಾಟರಿಯಿಂದ ಸದಾ ವಿದ್ಯುತ್ತು ತರುತ್ತದೆ. ಕೆಂಪಿನದು ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ತು ತಂದು, ‘ಇನ್ನು ಎದ್ದೇಳಬಹುದು’ ಎಂದು ಯಂತ್ರಕ್ಕೆ ಸೂಚನೆ ಕೊಡುತ್ತದೆ. ಕಪ್ಪಿನದು ಅರ್ತ್. ಈ ಮೂರರಲ್ಲಿ ಒಂದು ಕೈಕೊಟ್ಟರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಎಚ್ಚರಿಕೆ: ಈ ಬಣ್ಣಗಳು ಆಮೇಲೆ ಕೂರಿಸಿದ ಯಂತ್ರಗಳಿಗೆ ಸಂಬಂಧಿಸಿದವು. ವಾಹನದ ಜೊತೆಗೇ ಬಂದ ವೈರುಗಳ ಬಣ್ಣ ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ.

ಮೊದಲು ಖರ್ಚಿಲ್ಲದ ಪರೀಕ್ಷೆಗಳು

ಯಾವ ಉಪಕರಣವನ್ನೂ ಹಿಡಿಯದೆ ನೋಡಬಹುದಾದ ಸಂಗತಿಗಳು ನಾಲ್ಕೈದು ಇವೆ.

ಒಂದು, ಕೀ. ಕೀಯನ್ನು ಎಸಿಸಿ ಅಥವಾ ಆನ್ ಎಂಬ ಸ್ಥಾನಕ್ಕೆ ತಿರುಗಿಸದಿದ್ದರೆ ಕೆಂಪು ವೈರಿಗೆ ವಿದ್ಯುತ್ತು ಬರುವುದಿಲ್ಲ. ಗುಂಡಿ ಒತ್ತಿ ಚಾಲೂ ಮಾಡುವ ವಾಹನಗಳಲ್ಲಿ ಬ್ರೇಕ್ ತುಳಿಯದೆ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಮೊದಲ ಬಾರಿಗೆ ಎಸಿಸಿ, ಎರಡನೆಯ ಬಾರಿಗೆ ಆನ್ ಆಗುತ್ತದೆ.

ಎರಡು, ಮುಂದಿನ ಸೀಟಿನ ನಿಯಂತ್ರಣ. ಕಂಪನಿಯೇ ಕೊಟ್ಟ ಅನೇಕ ವ್ಯವಸ್ಥೆಗಳಲ್ಲಿ ಹಿಂದಿನ ಪರದೆಯನ್ನು ಮುಂದಿನಿಂದಲೇ ಆರಿಸಲು, ಮಕ್ಕಳು ಮುಟ್ಟದಂತೆ ಬೀಗ ಹಾಕಲು ಅವಕಾಶವಿರುತ್ತದೆ. ಯಾರೋ ತಿಳಿಯದೆ ಒತ್ತಿರುತ್ತಾರೆ. ಪರದೆ ಕೆಟ್ಟಿತೆಂದು ಗ್ಯಾರೇಜಿಗೆ ಹೋಗುವ ಮೊದಲು ವಾಹನದ ಕೈಪಿಡಿಯ ಆ ಪುಟವನ್ನು ಒಮ್ಮೆ ಓದಿ.

ಮೂರು, ರಿಮೋಟ್. ಅದರ ಸೆಲ್ ಮುಗಿದಿರಬಹುದು. ಪರೀಕ್ಷಿಸುವುದು ಸುಲಭ. ಮೊಬೈಲ್ ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ತುದಿಯನ್ನು ಅದರ ಕಡೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಫೋನಿನ ಪರದೆಯಲ್ಲಿ ಬಿಳಿ ಅಥವಾ ನೇರಳೆ ಚುಕ್ಕೆಯಾಗಿ ಮಿನುಗುತ್ತದೆ. ಕೆಲವು ಫೋನುಗಳ ಹಿಂದಿನ ಕ್ಯಾಮೆರಾ ಈ ಬೆಳಕನ್ನು ತಡೆಯುತ್ತದೆ, ಆಗ ಮುಂದಿನ ಕ್ಯಾಮೆರಾದಲ್ಲಿ ನೋಡಿ. ರಿಮೋಟ್ ಸರಿಯಿಲ್ಲವೆಂದಾದರೆ ಪರದೆಯ ಮೇಲಿರುವ ಗುಂಡಿಯನ್ನೇ ಒತ್ತಿ ನೋಡಿ.

ನಾಲ್ಕು, ಬಿಸಿಲು. ಸೊಲ್ಲಾಪುರ, ರಾಯದುರ್ಗಗಳ ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ವಾಹನದ ಒಳಗೆ ಮುಟ್ಟಲಾಗದಷ್ಟು ಶಾಖ ಏರುತ್ತದೆ. ಛಾವಣಿಗೆ ಅಂಟಿಕೊಂಡ ಪರದೆಗೆ ಅದರ ಪೆಟ್ಟು ಹೆಚ್ಚು. ಕೆಲವು ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ತಣ್ಣಗಾಗುವವರೆಗೆ ಹತ್ತುವುದೇ ಇಲ್ಲ. ಗಾಜು ಇಳಿಸಿ ಹದಿನೈದು ನಿಮಿಷ ಓಡಿಸಿ ಮತ್ತೆ ಪ್ರಯತ್ನಿಸಿ.

ಐದು, ನಿಜವಾಗಿಯೂ ವಿದ್ಯುತ್ತು ಇಲ್ಲವೋ, ಅಥವಾ ಚಿತ್ರ ಮಾತ್ರ ಇಲ್ಲವೋ? ಸಣ್ಣ ದೀಪ ಹತ್ತಿದ್ದರೆ, ಹಾಡು ಕೇಳಿಸಿದರೆ, ಪರದೆಯ ಮೇಲೆ ಏನಾದರೂ ಬರಹ ಬಂದರೆ ವಿದ್ಯುತ್ತು ಬಂದಿದೆ ಎಂದರ್ಥ. ಆಗ ದೋಷ ಬೇರೆ ಕಡೆ ಇದೆ. ಗಲ್ಫ್‌ನಿಂದಲೋ ಅಮೆರಿಕದಿಂದಲೋ ತಂದ ಡಿವಿಡಿ ಓಡದಿದ್ದರೆ ಅದು ವಲಯದ ಸಂಕೇತದ ಪ್ರಶ್ನೆಯೂ ಆಗಿರಬಹುದು. ಭಾರತಕ್ಕೆ ನಿಗದಿಯಾದದ್ದು 5ನೆಯ ವಲಯ. ಅಮೆರಿಕದ ಡಿವಿಡಿ 1ನೆಯ ವಲಯದ್ದು.

ಬ್ಯಾಟರಿಯ ನಾಡಿ

ಇಷ್ಟಕ್ಕೂ ಜಗ್ಗದಿದ್ದರೆ ಬ್ಯಾಟರಿಯ ಕಡೆ ನೋಡಬೇಕು. ಇನ್ನೂರು ಮುನ್ನೂರು ರೂಪಾಯಿಗೂ ಸಾಧಾರಣ ಮಲ್ಟಿಮೀಟರ್ ದೊರೆಯುತ್ತದೆ. ಅದನ್ನು ಡಿಸಿ 20 ವೋಲ್ಟಿನ ಮನೆಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಮುಟ್ಟಿಸಿ. ಕೆಲವು ತಾಸು ಸುಮ್ಮನೆ ನಿಂತ ವಾಹನದಲ್ಲಿ 12.6 ಬಂದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಬಹುಪಾಲು ಬರಿದಾಗಿದೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಕಾಣಬೇಕು.

ವೋಲ್ಟೇಜ್ ತೀರಾ ಇಳಿದಾಗ ಅನೇಕ ಯಂತ್ರಗಳು ತಾವಾಗಿ ಆರುತ್ತವೆ. ಎಂಜಿನ್ ಚಾಲೂ ಮಾಡಿದ ಕ್ಷಣ ಪರದೆ ಒಮ್ಮೆ ಆರಿ ಮತ್ತೆ ಹತ್ತುವುದಕ್ಕೂ ಇದು ಕಾರಣವಾಗಿರಬಹುದು. ಅದು ದೋಷವಲ್ಲ. ಆದರೆ ಎಂಜಿನ್ ನಿಲ್ಲಿಸಿ, ಮಕ್ಕಳು ಸಿನೆಮಾ ನೋಡುತ್ತಿರಲಿ ಎಂದು ದೊಡ್ಡವರು ಹಬ್ಬದ ಮನೆಯೊಳಗೆ ಹೋಗಿ ಕೂರುವುದು ಬೇಡ. ಹಳೆಯ ಬ್ಯಾಟರಿಯಾದರೆ ಮರಳಿ ಹೊರಡುವಾಗ ವಾಹನವನ್ನು ತಳ್ಳಬೇಕಾದೀತು.

ದೊಡ್ಡ ಪ್ರವಾಸಿ ಬಸ್ಸುಗಳ ವಿಷಯ ಬೇರೆ. ಅವುಗಳಲ್ಲಿ 24 ವೋಲ್ಟು ಇರುತ್ತದೆ. 12 ವೋಲ್ಟಿನ ಪರದೆಯನ್ನು ಅಲ್ಲಿ ನೇರವಾಗಿ ಸೇರಿಸಿದರೆ ಸುಟ್ಟುಹೋಗುತ್ತದೆ. ನಡುವೆ ವೋಲ್ಟೇಜ್ ಇಳಿಸುವ ಒಂದು ಪೆಟ್ಟಿಗೆ, ಅಂದರೆ ಕನ್ವರ್ಟರ್ ಬೇಕು. ಬಸ್ಸಿನಲ್ಲಿ ಪರದೆ ಹತ್ತದಿದ್ದರೆ ಆ ಪೆಟ್ಟಿಗೆಯನ್ನೂ ಸಂಶಯದ ಪಟ್ಟಿಗೆ ಸೇರಿಸಿ.

ಫ್ಯೂಸ್ ಎಂಬ ಕಾವಲುಗಾರ

ಈಗ ನಾನು ಎಡವಿದ ಜಾಗಕ್ಕೆ ಬರೋಣ.

ವಾಹನದಲ್ಲಿ ಸಾಮಾನ್ಯವಾಗಿ ಎರಡು ಫ್ಯೂಸ್ ಪೆಟ್ಟಿಗೆಗಳು. ಒಂದು ಚಾಲಕನ ಕಾಲಿನ ಹತ್ತಿರ ಡ್ಯಾಶ್‌ಬೋರ್ಡಿನ ಕೆಳಗೆ, ಇನ್ನೊಂದು ಬಾನೆಟ್ಟಿನ ಒಳಗೆ ಬ್ಯಾಟರಿಯ ಸಮೀಪ. ಮುಚ್ಚಳದ ಒಳಬದಿಯಲ್ಲಿ ಅಥವಾ ಕೈಪಿಡಿಯಲ್ಲಿ ಯಾವ ಫ್ಯೂಸ್ ಯಾವುದಕ್ಕೆ ಎಂಬ ನಕ್ಷೆ ಇರುತ್ತದೆ. ಕಂಪನಿಯದೇ ಪರದೆಯಾದರೆ ಅದರ ಹೆಸರು ಅಲ್ಲಿ ಸಿಗುತ್ತದೆ. ಆಮೇಲೆ ಕೂರಿಸಿದ್ದಾದರೆ ನಕ್ಷೆಯಲ್ಲಿ ಇರುವುದಿಲ್ಲ. ಆಗ ರೇಡಿಯೋ, ಸಿಗರೇಟ್ ಲೈಟರ್ ಸಾಕೆಟ್ ಮತ್ತು ಒಳದೀಪದ ಫ್ಯೂಸುಗಳನ್ನು ನೋಡಬೇಕು. ಛಾವಣಿಯ ಪರದೆಗೆ ಅಲ್ಲೇ ಪಕ್ಕದ ಒಳದೀಪದ ವೈರಿನಿಂದ ಕವಲು ತೆಗೆಯುವುದು ಕೂರಿಸುವವರ ರೂಢಿ. ಆದುದರಿಂದ ಪರದೆಯ ಜೊತೆಗೆ ಒಳದೀಪವೂ ಹತ್ತದಿದ್ದರೆ ಎರಡಕ್ಕೂ ಸೇರಿದ ಫ್ಯೂಸೇ ಹೋಗಿರುವ ಸಾಧ್ಯತೆ ಹೆಚ್ಚು. ಇದಲ್ಲದೆ ಪರದೆಯ ವೈರಿನ ಮೇಲೆಯೇ ಒಂದು ಚಿಕ್ಕ ಫ್ಯೂಸ್ ಹಿಡಿಕೆ ಇರಬಹುದು. ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪ್ಲಗ್ಗಾದರೆ ಅದರ ಮೂತಿಯನ್ನು ತಿರುಗಿಸಿ ಬಿಚ್ಚಿ. ಅನೇಕ ಪ್ಲಗ್ಗುಗಳ ಒಳಗೆ ಗಾಜಿನ ಫ್ಯೂಸ್ ಇರುತ್ತದೆ.

ಫ್ಯೂಸುಗಳಿಗೆ ಬಣ್ಣದ ಭಾಷೆ ಇದೆ. ಕಂದು 7.5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಕೀಯನ್ನು ಆರಿಸಿ, ಪೆಟ್ಟಿಗೆಯಲ್ಲೇ ಇಟ್ಟಿರುವ ಪ್ಲಾಸ್ಟಿಕ್ ಚಿಮುಟದಿಂದ ಫ್ಯೂಸನ್ನು ನೇರವಾಗಿ ಎಳೆಯಿರಿ. ಬೆಳಕಿಗೆ ಹಿಡಿದಾಗ ನಡುವಿನ ಲೋಹದ ಎಳೆ ಕಡಿದಿದ್ದರೆ ಅದು ಹೋಗಿದೆ.

ಇಲ್ಲಿ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ಫ್ಯೂಸ್ ಕೆಟ್ಟಿತು, ಹೊಸದು ಹಾಕಿದರೆ ಮುಗಿಯಿತು ಎಂದು ತಿಳಿಯುತ್ತೇವೆ. ಮಾನಂದವಾಡಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮರುದಿನ ನಮಗೆ ಹೇಳಿದ ಮಾತನ್ನು ನಾನು ಮರೆತಿಲ್ಲ. “ಫ್ಯೂಸ್ ಕೆಟ್ಟದ್ದಲ್ಲ ಫಾದರ್, ಅದು ತನ್ನ ಕೆಲಸ ಮಾಡಿದೆ. ಅದು ಯಾಕೆ ಹೋಯಿತು ಎಂದು ನೀವು ಕೇಳಬೇಕಿತ್ತು.”

ಲೆಕ್ಕ ಸರಳವಾಗಿದೆ. ಇಂಥ ಪರದೆ ಸಾಮಾನ್ಯವಾಗಿ ಎಳೆಯುವುದು ಒಂದೆರಡು ಆಂಪಿಯರ್ ಮಾತ್ರ. ಅಂಥ ದಾರಿಯಲ್ಲಿ 10 ಆಂಪಿಯರಿನ ಫ್ಯೂಸ್ ಕಡಿದಿದೆ ಎಂದರೆ ಎಲ್ಲೋ ವಿದ್ಯುತ್ತು ದಾರಿ ತಪ್ಪಿ ಕಬ್ಬಿಣಕ್ಕೆ ಹರಿಯುತ್ತಿದೆ. ಫ್ಯೂಸ್ ಇರುವುದು ಪರದೆಯನ್ನು ಉಳಿಸಲು ಎನ್ನುವುದಕ್ಕಿಂತ ವೈರನ್ನು ಉಳಿಸಲು. ಆ ವೈರು ಎಷ್ಟು ಪ್ರವಾಹವನ್ನು ತಾಳಬಲ್ಲದು ಎಂಬುದನ್ನು ನೋಡಿ ಫ್ಯೂಸನ್ನು ಆರಿಸಿರುತ್ತಾರೆ. 10ರ ಜಾಗದಲ್ಲಿ 30 ಹಾಕಿದರೆ ಮೂರು ಪಟ್ಟು ಪ್ರವಾಹ ಹರಿಯಲು ಅಪ್ಪಣೆ ಕೊಟ್ಟಂತೆ. ಪ್ರವಾಹ ಮೂರು ಪಟ್ಟಾದರೆ ಅದೇ ವೈರಿನಲ್ಲಿ ಹುಟ್ಟುವ ಶಾಖ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಫ್ಯೂಸ್ ಕಡಿಯುವ ಬದಲು ವೈರು ಕಾಯುತ್ತದೆ, ಅದರ ಪ್ಲಾಸ್ಟಿಕ್ ಹೊದಿಕೆ ಕರಗುತ್ತದೆ. ಅಜ್ಜಿಯ ಮೂಗಿಗೆ ಬಡಿದದ್ದು ಆ ವಾಸನೆ. ತಾಮ್ರದ ತಂತಿಯನ್ನೋ ಬೆಳ್ಳಿ ಕಾಗದವನ್ನೋ ಫ್ಯೂಸಿನ ಜಾಗದಲ್ಲಿ ತುರುಕುವವರು ಇನ್ನೂ ದೊಡ್ಡ ಅಪಾಯವನ್ನು ತಂದುಕೊಳ್ಳುತ್ತಾರೆ. ಅಲ್ಲಿ ಕಾವಲುಗಾರನೇ ಇಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಅಷ್ಟೇ ಆಂಪಿಯರಿನ ಹೊಸ ಫ್ಯೂಸನ್ನು ಒಮ್ಮೆ ಮಾತ್ರ ಹಾಕಿ ನೋಡಿ. ಉಳಿದರೆ ಸಂತೋಷ, ಆದರೂ ಒಂದೆರಡು ದಿನ ಕಣ್ಣಿಡಿ. ಮತ್ತೆ ಕಡಿದರೆ ಮೂರನೆಯದನ್ನು ಹಾಕುವ ಮೊದಲು ಪರದೆಯ ಹಿಂದಿನ ಕಪ್ಲರನ್ನು ಕಳಚಿ. ಪರದೆ ಇಲ್ಲದಿರುವಾಗ ಫ್ಯೂಸ್ ಉಳಿದರೆ ದೋಷ ಪರದೆಯ ಒಳಗಿದೆ. ಪರದೆ ಇಲ್ಲದೆಯೂ ಕಡಿದರೆ ದೋಷ ವೈರಿನಲ್ಲಿದೆ. ಈ ಒಂದು ಪರೀಕ್ಷೆ ಅರ್ಧ ಕೆಲಸವನ್ನು ಮುಗಿಸುತ್ತದೆ. ಹೊಸ ಪರದೆಗೆ ಸಾವಿರಾರು ರೂಪಾಯಿ ಕೊಡುವ ಮೊದಲು ಇದನ್ನು ಮಾಡಿಸಲೇಬೇಕು.

ಫ್ಯೂಸ್ ಸರಿ ಇದ್ದರೂ ಹತ್ತದಿದ್ದರೆ

ಆಗ ಮೂರು ವೈರುಗಳನ್ನು ಒಂದೊಂದಾಗಿ ನೋಡಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಕಬ್ಬಿಣದ ಬೋಲ್ಟಿಗೆ ಮುಟ್ಟಿಸಿ, ಕೆಂಪು ಕಡ್ಡಿಯನ್ನು ಕಪ್ಲರಿನ ಹಳದಿ ವೈರಿಗೆ ತಾಗಿಸಿದರೆ ಸದಾ 12ರ ಸುಮಾರಿಗೆ ಬರಬೇಕು. ಕೆಂಪು ವೈರಿಗೆ ತಾಗಿಸಿದರೆ ಕೀ ತಿರುಗಿಸಿದಾಗ ಬಂದು, ಆರಿಸಿದಾಗ ಹೋಗಬೇಕು. ಎರಡೂ ಸರಿಯಿದ್ದರೆ ಕೆಂಪು ಕಡ್ಡಿಯನ್ನು ಹಳದಿ ವೈರಿನಲ್ಲೇ ಬಿಟ್ಟು, ಕಪ್ಪು ಕಡ್ಡಿಯನ್ನು ಬೋಲ್ಟಿನಿಂದ ತೆಗೆದು ಕಪ್ಲರಿನ ಕಪ್ಪು ವೈರಿಗೆ ತಾಗಿಸಿ. ಬೋಲ್ಟಿನಲ್ಲಿ 12 ಬಂದು, ಕಪ್ಪು ವೈರಿನಲ್ಲಿ ಬಾರದಿದ್ದರೆ ಅರ್ತ್ ಹೋಗಿದೆ.

ಕರಾವಳಿಯಲ್ಲಿ ಅರ್ತಿನ ದೋಷ ಸಾಮಾನ್ಯ. ಉಪ್ಪು ಗಾಳಿ, ಆರು ತಿಂಗಳ ತೇವ. ಅರ್ತಿನ ಸ್ಕ್ರೂ ಇರುವ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಬಣ್ಣ ಬಳಿದ ತಗಡಿನ ಮೇಲೆಯೇ ಸ್ಕ್ರೂ ಬಿಗಿದು ಹೋದ ಕೆಲಸಗಾರರೂ ಇದ್ದಾರೆ. ಸ್ಕ್ರೂ ಬಿಚ್ಚಿ, ಉಜ್ಜುವ ಕಾಗದದಿಂದ ಲೋಹ ಹೊಳೆಯುವಂತೆ ತಿಕ್ಕಿ, ಮತ್ತೆ ಬಿಗಿದರೆ ಎಷ್ಟೋ ಸಲ ಪರದೆಗೆ ಜೀವ ಬರುತ್ತದೆ.

ಇಲ್ಲೊಂದು ಮೋಸ ಇದೆ. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟು ತೋರಿಸುತ್ತದೆ, ಏಕೆಂದರೆ ಮೀಟರಿಗೆ ಬೇಕಾದ ಪ್ರವಾಹ ಅತ್ಯಲ್ಪ. ಪರದೆ ತನ್ನ ಪ್ರವಾಹವನ್ನು ಎಳೆಯತೊಡಗಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಆದುದರಿಂದ ಅನುಭವಿ ಎಲೆಕ್ಟ್ರಿಷಿಯನ್ನರು ಮೀಟರಿನ ಜೊತೆಗೆ ಬಲ್ಬಿನ ಟೆಸ್ಟ್ ಲ್ಯಾಂಪನ್ನೂ ಹಿಡಿಯುತ್ತಾರೆ. ಬಲ್ಬು ಮಂದವಾಗಿ ಉರಿದರೆ ವೈರಿನಲ್ಲಿ ದೋಷವಿದೆ ಎಂದು ಗೊತ್ತಾಗುತ್ತದೆ.

ವೈರು ಹಾದುಹೋಗುವ ದಾರಿಯನ್ನು ಕಣ್ಣಿನಿಂದ ನೋಡುವುದೂ ಅಷ್ಟೇ ಮುಖ್ಯ. ಹೆಡ್‌ರೆಸ್ಟಿನ ಪರದೆಯಾದರೆ ವೈರು ಸೀಟಿನ ಬೆನ್ನಿನಿಂದ ಇಳಿದು ಕೆಳಗೆ ಬರುತ್ತದೆ. ಸೀಟನ್ನು ಹಿಂದೆ ಮುಂದೆ ಜರುಗಿಸಿದಾಗಲೆಲ್ಲ ಅದು ಎಳೆಯಲ್ಪಡುತ್ತದೆ, ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ತೋಟದ ಮನೆಗಳಲ್ಲಿ ಇಲಿಗಳ ಕಾಟವೂ ಇದೆ. ವಾರಗಟ್ಟಲೆ ನಿಂತ ವಾಹನದಲ್ಲಿ ಅವು ವೈರು ಕಡಿಯುವುದು ಹೊಸ ಸಂಗತಿಯಲ್ಲ.

ಬೆಲೆಬಾಳುವ ಕೆಲವು ಕಾರುಗಳ ವ್ಯವಸ್ಥೆ ಬೇರೆ ರೀತಿಯದು. ಅಲ್ಲಿ ಮುಂದಿನ ರೇಡಿಯೋ, ಆಂಪ್ಲಿಫೈಯರ್, ಹಿಂದಿನ ಪರದೆ ಎಲ್ಲವನ್ನೂ ಬೆಳಕು ಸಾಗುವ ನೂಲಿನಿಂದ ಉಂಗುರದಂತೆ ಜೋಡಿಸಿರುತ್ತಾರೆ. ಉಂಗುರದಲ್ಲಿ ಒಂದು ಯಂತ್ರ ಕೆಟ್ಟರೂ ಉಳಿದವು ಮೌನವಾಗಬಹುದು. ಇಂಥ ವಾಹನದಲ್ಲಿ ಹಿಂದಿನ ಪರದೆ ಆರಿದ್ದರೆ ದೋಷ ಆ ಪರದೆಯಲ್ಲೇ ಇರಬೇಕೆಂದಿಲ್ಲ. ಅದನ್ನು ಕಂಪ್ಯೂಟರ್ ಜೋಡಿಸಿ ನೋಡುವ ಕಾರ್ಯಾಗಾರಕ್ಕೆ ಒಯ್ಯುವುದೇ ಸರಿ.

ಕೈ ತೆಗೆಯಬೇಕಾದ ಜಾಗಗಳು

ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಹೊದಿಕೆಯ ವೈರುಗಳ ಕಟ್ಟು ಕಂಡರೆ ಮುಟ್ಟಬೇಡಿ. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಟೆಸ್ಟ್ ಲ್ಯಾಂಪನ್ನು ತಪ್ಪಿ ಅಲ್ಲಿ ತಾಗಿಸಿದರೆ ಏರ್‌ಬ್ಯಾಗ್ ಸಿಡಿಯಬಹುದು. ಪಕ್ಕದ ಕಂಬಗಳ ಹೊದಿಕೆಯನ್ನೂ ಛಾವಣಿಯ ಅಂಚನ್ನೂ ಮನೆಯಲ್ಲಿ ಕೀಳಬೇಡಿ. ಹೊಸ ಕಾರುಗಳಲ್ಲಿ ಪರದೆಯಂತೆ ಇಳಿಯುವ ಏರ್‌ಬ್ಯಾಗುಗಳು ಅಲ್ಲೇ ಮಡಚಿಕೊಂಡಿರುತ್ತವೆ.

ಬ್ಯಾಟರಿಯನ್ನು ಕಳಚಬೇಕಾಗಿ ಬಂದರೆ ಮೊದಲು ನೆಗೆಟಿವ್ ಕಳಚಿ, ಮರುಜೋಡಿಸುವಾಗ ನೆಗೆಟಿವ್ ಕೊನೆಗೆ. ಕೆಲವು ರೇಡಿಯೋಗಳು ಆಮೇಲೆ ಸಂಕೇತದ ಅಂಕಿಯನ್ನು ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಹೊಸ ವಾಹನವಾದರೆ ವೈರು ಕತ್ತರಿಸುವ ಮೊದಲು ವಾರಂಟಿಯ ನಿಯಮ ಓದಿ. ಆಮೇಲೆ ಕೂರಿಸಿದ ವಿದ್ಯುತ್ ಉಪಕರಣಗಳನ್ನು ವಿಮೆಯ ಕಾಗದದಲ್ಲಿ ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ಓಡುವ ವಾಹನದಲ್ಲಿ ಕರಟಿದ ವಾಸನೆ ಬಂದರೆ ಕಾರಣ ಹುಡುಕುತ್ತಾ ಮುಂದೆ ಹೋಗಬೇಡಿ. ಬದಿಗೆ ನಿಲ್ಲಿಸಿ, ಕೀ ಆರಿಸಿ, ಮೊದಲು ಮಕ್ಕಳನ್ನೂ ವೃದ್ಧರನ್ನೂ ಇಳಿಸಿ ದೂರ ಕಳುಹಿಸಿ. ಹೊಗೆ ಕಂಡರೆ ಸಾಮಾನು ತೆಗೆಯಲು ಮರಳಿ ಒಳಗೆ ಹೋಗಬೇಡಿ, ಬಾನೆಟ್ಟನ್ನು ಪೂರ್ತಿ ಎತ್ತಬೇಡಿ. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ. ಇನ್ನೊಂದು ಮಾತು. ಪರದೆ ಹತ್ತದಿದ್ದಾಗ ಚಾಲಕರು ಹಿಂದೆ ತಿರುಗಿ ನೋಡುವುದೂ, ಮಕ್ಕಳು ಬೆಲ್ಟ್ ಬಿಚ್ಚಿ ಎದ್ದುನಿಂತು ಗುಂಡಿ ಒತ್ತುವುದೂ ಬೇಡ. ವಾಹನ ನಿಂತ ಮೇಲೆ ನೋಡಿದರೆ ಸಾಕು.

ಆ ವ್ಯಾನಿನ ದೋಷ

ಮರುದಿನ ಮದುವೆಯ ಊಟದ ನಂತರ ಮಾನಂದವಾಡಿಯ ಆ ಎಲೆಕ್ಟ್ರಿಷಿಯನ್ ಛಾವಣಿಯ ಹೊದಿಕೆಯ ಒಂದು ಬದಿಯನ್ನು ಜಾಗ್ರತೆಯಿಂದ ಇಳಿಸಿದರು. ವೈರನ್ನು ಎಳೆದವರು ಅದನ್ನು ಹಿಂದಿನ ಸೀಟ್ ಬೆಲ್ಟಿನ ಬೋಲ್ಟಿನ ಪಕ್ಕದಲ್ಲಿ, ಯಾವ ಕೊಳವೆಯನ್ನೂ ತೊಡಿಸದೆ ಹಾಯಿಸಿದ್ದರು. ವರ್ಷಗಟ್ಟಲೆ ಉಜ್ಜಿ ಹೊದಿಕೆ ಸವೆದು ತಾಮ್ರ ಹೊರಬಂದಿತ್ತು. ವಾಹನ ಕುಲುಕಿದಾಗ ಅದು ಕಬ್ಬಿಣಕ್ಕೆ ತಾಗುತ್ತಿತ್ತು. ಹೆದ್ದಾರಿಯಲ್ಲಿ ಒಮ್ಮೆ ತಾಗಿದಾಗ 10ರ ಫ್ಯೂಸ್ ಕಡಿದು ನಮ್ಮನ್ನು ಎಚ್ಚರಿಸಿತು. ನಾವು 30 ಹಾಕಿ ಅದರ ಬಾಯಿ ಮುಚ್ಚಿಸಿದೆವು. ಘಾಟಿಯ ತಿರುವುಗಳಲ್ಲಿ ಅದು ಮತ್ತೆ ಮತ್ತೆ ತಾಗಿತು. ಬೋಲ್ಟಿನಿಂದ ಹಿಂದಕ್ಕೆ ಒಂದು ಮೊಳದಷ್ಟು ವೈರು ಕರಗಿ ಕಪ್ಪಾಗಿತ್ತು, ಅದರ ಕೆಳಗಿನ ಸ್ಪಂಜು ಕಂದಾಗಿತ್ತು.

ಅವರು ಸುಟ್ಟ ಭಾಗವನ್ನು ಕತ್ತರಿಸಿ ಹೊಸ ವೈರು ಹಾಕಿದರು, ಅದಕ್ಕೆ ಸುರುಳಿ ಕೊಳವೆ ತೊಡಿಸಿ ಬೋಲ್ಟಿನಿಂದ ದೂರ ಕಟ್ಟಿದರು, ಬ್ಯಾಟರಿಯ ಕಡೆಯ ತುದಿಯಲ್ಲಿ 5 ಆಂಪಿಯರಿನ ಫ್ಯೂಸ್ ಕೂರಿಸಿದರು. “ಇದಕ್ಕೆ ಇಷ್ಟೇ ಸಾಕು” ಎಂದರು. ಪರದೆಗೆ ಏನೂ ಆಗಿರಲಿಲ್ಲ. ಗುಂಡಿ ಒತ್ತಿದ ಕೂಡಲೇ ಹತ್ತಿತು. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅದೇ ಆಂಪಿಯರಿನ ಎರಡು ಬಿಡಿ ಫ್ಯೂಸುಗಳನ್ನು ಟೇಪಿನಿಂದ ಅಂಟಿಸಿ ಕೊಟ್ಟರು. ದಾರಿಯಲ್ಲಿ ಸರಿಯಾದ ಫ್ಯೂಸ್ ಕೈಯಲ್ಲಿದ್ದರೆ ತಪ್ಪಾದುದನ್ನು ಹಾಕುವ ಪ್ರಸಂಗವೇ ಬರುವುದಿಲ್ಲ. ಓದುಗರೇ, ಈ ಲೇಖನದಿಂದ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ. ಖರ್ಚು ಒಂದು ಚಹಾದಷ್ಟು.

ಮರಳಿ ಬರುವಾಗ ನಾನು ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ಕುಳಿತೆ. ಸಿನೆಮಾ ಯಾರಿಗೂ ಬೇಡವಾಗಿತ್ತು. ಅಜ್ಜಿ ತಮ್ಮ ಡಿವಿಡಿಯನ್ನು ಹಾಕಿಸಿದರು. ಅಜ್ಜ ಪರದೆಯ ಮೇಲೆ ಬಂದು, ಐವತ್ತು ವರ್ಷ ಹೇಗೆ ಕಳೆಯಿತೋ ತಿಳಿಯಲಿಲ್ಲ ಎಂದು ನಗುತ್ತಾ ಹೇಳಿದರು. ಚಿಕ್ಕ ಹುಡುಗಿ ನಡುನಡುವೆ ಕೈ ಚಾಚಿ ಛಾವಣಿಯನ್ನು ಮುಟ್ಟಿ ನೋಡುತ್ತಿದ್ದಳು.

“ತಣ್ಣಗೆ ಉಂಟು ಫಾದರ್” ಎಂದಳು.